ಕೆರೆಯ ತಳದಲ್ಲಿ ನಮ್ಮ ಕಣದ ಕಲ್ಲು

ನಮ್ಮೂರ ಕೆರೆಯನ್ನು ಕೆಡಿಸಿದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೆರೆ ಹೇಗೆ ಕೆಡುತ್ತದೆ, ಕೆಟ್ಟ ನೀರು ಮೊದಲು ಯಾವ ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಯಾವ ಬಣ್ಣಕ್ಕೆ, ದನ ಎಂಥ ನೀರಿಗೆ ಮೂತಿ ಇಟ್ಟು ಹಿಂದೆ ಸರಿಯುತ್ತದೆ ಎಂಬುದೆಲ್ಲ ನನಗೆ ಆಗಲೇ ಗೊತ್ತಿತ್ತು. ತಿಳಿಯದೆ ಮಾಡಿದೆ ಎಂದು ಹೇಳಿಕೊಳ್ಳುವ ದಾರಿ ನನಗಿಲ್ಲ. ಅದನ್ನೆಲ್ಲ ನನಗೆ ಕಲಿಸಿದ ಮನುಷ್ಯನ ಮೇಲೆಯೇ ತಪ್ಪು ಹೊರಿಸಿ, ಚೆಂದದ ಅಕ್ಷರದಲ್ಲಿ ಅರ್ಜಿ ಬರೆದೆ.

ಹುಮನಾಬಾದಿನಿಂದ ಕಲ್ಯಾಣಕ್ಕೆ, ಅಂದರೆ ಈಗಿನ ಬಸವಕಲ್ಯಾಣಕ್ಕೆ ಹೋಗುವಾಗ ರಾಜೇಶ್ವರದ ಹತ್ತಿರ ಗಾಡಿದಾರಿ ಹಿಡಿದರೆ ಒಂದು ಹರದಾರಿಗೆ ನಮ್ಮೂರು. ಕೆರೆ ದೊಡ್ಡದಲ್ಲ, ಆಳವೂ ಇಲ್ಲ. ಮಳೆ ಚೆನ್ನಾಗಿ ಬಂದ ವರ್ಷ ನಡುವೆ ನಿಂತರೆ ಕುತ್ತಿಗೆಯವರೆಗೆ ನೀರು. ಯುಗಾದಿ ಹೊತ್ತಿಗೆ ಮೊಳಕಾಲವರೆಗೆ. ಇಂಥ ತೆಳು ಕೆರೆಯ ಸ್ವಭಾವ ಬೇರೆ. ಆಳದ ನೀರು ಒಂದಿಷ್ಟು ಹೊಲಸನ್ನು ನುಂಗಿಕೊಂಡೀತು. ತೆಳು ನೀರಿನಲ್ಲಿ ಬಿಸಿಲು ತಳ ಮುಟ್ಟುತ್ತದೆ, ತಳದ ಕೆಸರು ಬಿಸಿಯಾಗುತ್ತದೆ, ಏನು ಬಿದ್ದರೂ ಎರಡು ತಿಂಗಳಲ್ಲಿ ಮೇಲೆ ಬಂದು ಕಾಣಿಸುತ್ತದೆ.

ಕೆರೆಗೆ ಇಳಿಯಲು ಎರಡು ಕಡೆ ಕಲ್ಲಿನ ಪಾವಟಿಗೆ ಇದ್ದವು. ಊರ ಕಡೆಯದು ನಮ್ಮಂಥವರದು. ಏರಿಯ ಇನ್ನೊಂದು ತುದಿಯಲ್ಲಿ, ತೂಬಿನ ಪಕ್ಕದ್ದು ಕೆಳಗೇರಿಯವರದು. ಊರು ಮುಟ್ಟಿಸಿಕೊಳ್ಳದೆ ದೂರವಿಟ್ಟ ಜನ ಅವರು. ಆದರೆ ಊರೆಲ್ಲ ಕುಡಿಯುವ ಕೆರೆಯನ್ನು ಕಾಯುವ ಕೆಲಸ ಹಿಂದಿನಿಂದಲೂ ಅವರಲ್ಲೇ ಒಂದು ಮನೆಯದು. ನನ್ನ ಕಾಲಕ್ಕೆ ತೂಬು ಕಾಯುತ್ತಿದ್ದವನು ಉದ್ದನೆಯ, ಒಣಗಿದ ಮೈಯ ಮುದುಕ. ಆ ಕೆಲಸಕ್ಕೆಂದು ಸರಕಾರ ಕೊಟ್ಟ ತುಂಡು ಹೊಲವೊಂದು ಏರಿಯ ಕೆಳಗಿತ್ತು. ಮನೆಯಲ್ಲಿ ಮಗ ಮತ್ತು ಸೊಸೆ. ಊರ ಮಕ್ಕಳೆಲ್ಲ ಅವನನ್ನು ಮುತ್ಯಾ, ಅಂದರೆ ಅಜ್ಜ, ಎಂದೇ ಕರೆಯುತ್ತಿದ್ದೆವು. ಮುಟ್ಟುತ್ತಿರಲಿಲ್ಲ, ಆದರೆ ಮುತ್ಯಾ ಎನ್ನುತ್ತಿದ್ದೆವು.

ಬೆಳಿಗ್ಗೆ ದನ ಹೊಡೆದುಕೊಂಡು ಹೋದಾಗ ಅವನ ಕೆಲಸ ನೋಡುತ್ತಾ ಏರಿಯ ಮೇಲೆ ಕೂರುವುದು ನನಗೆ ಇಷ್ಟ. ಗಾಳಿ ರಾತ್ರಿಯೆಲ್ಲ ಬೀಸಿ ನೀರಿನ ಮೇಲಿನ ಪಾಚಿಯನ್ನು ಒಂದು ಮೂಲೆಗೆ ನೂಕಿರುತ್ತಿತ್ತು. ಅಪ್ಪ ಮಗ ಇಬ್ಬರೂ ಹಳೆಯ ಧೋತರದ ಒಂದೊಂದು ತುದಿ ಹಿಡಿದು ನೀರಿಗಿಳಿದು, ಅದನ್ನು ಮೀನಿನ ಬಲೆಯಂತೆ ಎಳೆದು ದಂಡೆಗೆ ಬಳಿದು ತರುತ್ತಿದ್ದರು. ಆ ಪಾಚಿ ಅವನ ಹೊಲದ ತಿಪ್ಪೆಗೆ ಹೋಗುತ್ತಿತ್ತು. ಬಳಿಯುವಾಗಲೂ ಅವನು ಎಲ್ಲವನ್ನೂ ಬಳಿಯುತ್ತಿರಲಿಲ್ಲ. ಯಾಕೆಂದು ಕೇಳಿದ್ದಕ್ಕೆ, ಕಲ್ಲಿಗೆ ಕೂದಲಂತೆ ಹತ್ತಿದ ಪಾಚಿ ಇರಬೇಕು, ಅದು ಮೀನಿನ ಮೇವು, ನೀರಿನ ಮೈಮೇಲಿನ ಅರಿವೆ ಎಂದಿದ್ದ. ನೀರಿನೊಳಗೆ ಹಿಟ್ಟು ಕಲಸಿದಂತೆ ಹಸಿರು ಬಂದರೆ ಮಾತ್ರ ಅಂಜಬೇಕು.

"ಕೆರಿ ಅಂದ್ರ ಹೊಟ್ಟಿ ಇದ್ದಂಗ. ತಿಂದಿದ್ದು ಅರಗಬೇಕು. ಹೆಚ್ಚಿಗಿ ತಿನಿಸಿದ್ರ ಹಸರ ಕಾರತದ" ಎಂದು ಅವನು ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಮುಂದೆ ಶಾಲೆಯಲ್ಲಿ ನಾನು ಎಷ್ಟೋ ಓದಿದೆ. ಕೆರೆಯ ಬಗ್ಗೆ ಇದಕ್ಕಿಂತ ಸರಿಯಾದ ಮಾತು ಯಾವ ಪುಸ್ತಕದಲ್ಲೂ ನನಗೆ ಸಿಗಲಿಲ್ಲ.

ಬೇಸಿಗೆಯಲ್ಲಿ ನೀರು ಒಳಗೆ ಸರಿದಾಗ ಊರ ಗಾಡಿಗಳೆಲ್ಲ ಕೆರೆಯ ಅಂಗಳಕ್ಕೆ ಇಳಿಯುತ್ತಿದ್ದವು. ಜೋಡೆತ್ತು ಇದ್ದ ಪ್ರತಿ ಮನೆಯೂ ಹೂಳು ಹೊತ್ತು ತನ್ನ ಹೊಲಕ್ಕೆ ಹಾಕಬೇಕು. ಮುತ್ಯಾ ಕೋಲಿನಿಂದ ಗೆರೆ ಎಳೆದು ಇಂಥವರದು ಇಲ್ಲಿಂದ ಇಲ್ಲಿಗೆ ಎಂದು ತೋರಿಸುವನು. ಪೊಲೀಸ್ ಪಾಟೀಲರ ಗಾಡಿಯಾದರೂ ಗೆರೆ ದಾಟುವಂತಿರಲಿಲ್ಲ. ವರ್ಷದಲ್ಲಿ ಆ ಒಂದು ತಿಂಗಳು ಊರು ಅವನ ಮಾತು ಕೇಳುತ್ತಿತ್ತು.

ಇನ್ನೊಂದು ಕಟ್ಟಳೆ ಇತ್ತು. ನನ್ನ ಕತೆಯೆಲ್ಲ ಅದರ ಮೇಲೆಯೇ ನಿಂತಿದೆ. ನಮ್ಮ ಕಡೆ ಜೋಳ ತೊಗರಿಯ ಬದುವಿನಲ್ಲಿ ಪುಂಡಿ ಬಿತ್ತುತ್ತಾರೆ. ಎಲೆ ಪಲ್ಯಕ್ಕೆ, ದಂಟು ನಾರಿಗೆ. ದಂಟನ್ನು ಕಟ್ಟು ಕಟ್ಟಿ, ಮೇಲೆ ಕಲ್ಲು ಹೇರಿ, ಹದಿನೈದು ದಿನ ನೀರಿನಲ್ಲಿ ಮುಳುಗಿಸಿಟ್ಟರೆ ಸಿಪ್ಪೆ ಕೊಳೆತು ನಾರು ಬಿಡುತ್ತದೆ. ಮಿಣಿ, ಹಗ್ಗ, ಕಣ್ಣಿ ಎಲ್ಲ ಅದರದೇ. ಆದರೆ ಪುಂಡಿ ನೆನೆದ ನೀರು ಕಪ್ಪಾಗಿ ನಾರುತ್ತದೆ, ಅದರಲ್ಲಿ ಮೀನು ಬದುಕುವುದಿಲ್ಲ. ಅದಕ್ಕಾಗಿ ಕೆರೆಯಲ್ಲಿ ಯಾರೂ ಪುಂಡಿ ನೆನೆಹಾಕುವಂತಿಲ್ಲ. ಏರಿಯ ಕೆಳಗೆ ಒಂದು ಗುಂಡಿ ಇತ್ತು. ಮುತ್ಯಾ ತೂಬಿನ ಬಿರಡೆ ತೆಗೆದು ಅದನ್ನು ತುಂಬಿಸುತ್ತಿದ್ದ. ನಾರು ತೆಗೆದಾದ ಮೇಲೆ ಆ ಕರಿನೀರು ಕೆಳಗಿನ ಹೊಲಗಳಿಗೆ ಹರಿದು ಹೋಗುತ್ತಿತ್ತು, ಕೆರೆಗೆ ಹಿಂತಿರುಗುತ್ತಿರಲಿಲ್ಲ.

ನಾನು ಹುಮನಾಬಾದಿನಲ್ಲಿ ಕೆಳಗಿನ ತರಗತಿ ಮುಗಿಸಿ, ಕಲಬುರ್ಗಿಯಲ್ಲಿ ಮ್ಯಾಟ್ರಿಕ್ ಪಾಸಾಗಿ ಊರಿಗೆ ಬಂದಾಗ ಎರಡನೆಯ ಮಹಾಯುದ್ಧ ನಡೆದಿತ್ತು. ನಿಜಾಮನ ಆಳಿಕೆ, ಕಚೇರಿಯ ಕಾಗದವೆಲ್ಲ ಉರ್ದು, ಅದರ ಓದು ಬರಹ ಬಲ್ಲವರು ಊರಲ್ಲಿ ಇಬ್ಬರು ಮೂವರು. ಮ್ಯಾಟ್ರಿಕ್ ಆದವನು ನಾನೊಬ್ಬನೇ. ಹಳ್ಳಿಗೆ ಬಂದ ಯಾವ ಕಾಗದವಾದರೂ ನನ್ನ ಮುಂದೆ ಬರುತ್ತಿತ್ತು. ಅಪ್ಪ ನಮ್ಮ ಒಕ್ಕಲುತನದ ಅರ್ಧ ಉಸ್ತುವಾರಿ ನನ್ನ ಕೈಗೆ ಕೊಟ್ಟ. ನಾನು ಮುತ್ಯಾನನ್ನು ಮುತ್ಯಾ ಎನ್ನುವುದು ಬಿಟ್ಟೆ. ಕರೆಯಬೇಕಾದಾಗ "ಏ" ಎಂದು ಕರೆದೆ. ಅವನು ನನ್ನನ್ನು "ಸಣ್ಣ ಧಣೇರ" ಎಂದು ಕರೆಯತೊಡಗಿದ. ಯಾರೂ ಇದನ್ನು ನಮಗೆ ಹೇಳಿಕೊಡಲಿಲ್ಲ.

ಯುದ್ಧದ ದೆಸೆಯಿಂದ ನಾರಿಗೆ ಬೇಡಿಕೆ ಇದೆ ಎಂದು ಹುಮನಾಬಾದಿನ ಪೇಟೆಯಲ್ಲಿ ಕೇಳಿ ಬಂದಿದ್ದೆ. ಬದುವಿಗಷ್ಟೇ ಬಿತ್ತುವ ಪುಂಡಿಯನ್ನು ಒಂದಿಡೀ ಹೊಲಕ್ಕೆ ಬಿತ್ತಿಸಿದೆ. ಅಪ್ಪನಿಗೆ ಮನಸ್ಸಿರಲಿಲ್ಲ. ಓದಿದವನ ಲೆಕ್ಕಾಚಾರ ನೋಡಿ ಎಂದು ನಾಲ್ಕು ಜನರ ಮುಂದೆ ಬಡಿವಾರ ಕೊಚ್ಚಿದ್ದೆ. ಆ ವರ್ಷ ಮಳೆ ಕಡಿಮೆಯಾಯಿತು. ಪುಂಡಿ ಹೇಗೋ ಆಳೆತ್ತರ ಬೆಳೆಯಿತು, ಕೆರೆ ಮಾತ್ರ ಅರ್ಧವೂ ತುಂಬಲಿಲ್ಲ.

ದೀಪಾವಳಿ ಕಳೆದು ಪುಂಡಿ ಕೊಯ್ಯಿಸಿದ ಮೇಲೆ ಗುಂಡಿಗೆ ನೀರು ಬಿಡು ಎಂದು ಮುತ್ಯಾನಿಗೆ ಹೇಳಿ ಕಳುಹಿಸಿದೆ. ಅವನೇ ಬಂದು ನಮ್ಮ ಮನೆಯ ಕಟ್ಟೆಯ ಕೆಳಗೆ ನಿಂತ. ನೀರು ಕಡಿಮೆ ಇದೆ, ಈಗ ಬಿಟ್ಟರೆ ಬೇಸಿಗೆಗೆ ಜನಕ್ಕೂ ದನಕ್ಕೂ ಸಾಲುವುದಿಲ್ಲ, ಈ ವರ್ಷ ಯಾರಿಗೂ ಬಿಡುವುದಿಲ್ಲ ಎಂದ. ಬೇಕಾದರೆ ರಾಜೇಶ್ವರದ ಕಡೆಯ ಹಳ್ಳದಲ್ಲಿ ಮಡು ಇದೆ, ಗಾಡಿಯಲ್ಲಿ ಒಯ್ದು ಅಲ್ಲಿ ನೆನೆಹಾಕಿಸಿ ಎಂದೂ ಹೇಳಿದ. ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಹೊರಗೆ ನಿಂತವನು ಒಳಗೆ ಕುಳಿತವನಿಗೆ ಇಲ್ಲ ಎಂದದ್ದನ್ನು ಮನೆಯ ಆಳುಗಳು ಕೇಳಿಸಿಕೊಂಡಿದ್ದರು. ನನಗೆ ಅದಷ್ಟೇ ಕೇಳಿಸಿತು.

ಮೂರು ದಿನದ ನಂತರ, ಊರೆಲ್ಲ ಹೊಲದಲ್ಲಿದ್ದ ಮಧ್ಯಾಹ್ನ, ನಾನೂ ನಮ್ಮ ಇಬ್ಬರು ಆಳುಗಳೂ ಗಾಡಿ ಹೊಡೆದುಕೊಂಡು ಕೆರೆಯ ಹಿನ್ನೀರಿಗೆ ಹೋದೆವು. ಅಲ್ಲಿ ಆಪಿನ ಹುಲ್ಲು ಎತ್ತರಕ್ಕೆ ಬೆಳೆದು ಏರಿಯ ಮೇಲಿನಿಂದ ಏನೂ ಕಾಣುತ್ತಿರಲಿಲ್ಲ. ನಾಲ್ಕು ಗಾಡಿ ಪುಂಡಿಯನ್ನು ಅಲ್ಲಿ ಮುಳುಗಿಸಿದೆವು. ಕಲ್ಲು ಸಾಲದೆ, ನಮ್ಮ ಕಣದಲ್ಲಿ ರಾಶಿ ತುಳಿಸಲು ಎತ್ತು ಕಟ್ಟಿ ಎಳೆಸುತ್ತಿದ್ದ ಕಲ್ಲಿನ ಉರುಳೆ ಸೀಳಿ ಎರಡು ಹೋಳಾಗಿ ಬಿದ್ದಿತ್ತು, ಅದರ ಅರ್ಧವನ್ನು ತಂದು ಹೇರಿದೆವು. ಆಳುಗಳಿಗೆ ಬಾಯಿ ಬಿಡಬೇಡಿ ಎಂದೆ. ಅವರು ಬಿಡಲಿಲ್ಲ. ಹದಿನೈದು ದಿನಕ್ಕೆ ನಾರು ತೆಗೆದೆವು. ಕಲ್ಲು ಕೆಸರಲ್ಲಿ ಹೂತು ಏಳಲಿಲ್ಲ, ಅದರಡಿಯ ಕೆಲವು ಕಟ್ಟುಗಳೂ ಅಲ್ಲೇ ಉಳಿದವು. ಇರಲಿ ಬಿಡು ಎಂದೆ.

ಆಮೇಲೆ ಆದದ್ದನ್ನು ಒಂದೊಂದಾಗಿ ಬಲ್ಲೆ. ಮೊದಲು ಹಿನ್ನೀರು ಚಹಾದ ಬಣ್ಣಕ್ಕೆ ಬಂತು, ಆಮೇಲೆ ಕಪ್ಪು. ಒಂದು ಬೆಳಿಗ್ಗೆ ಸಣ್ಣ ಮೀನುಗಳು ಹೊಟ್ಟೆ ಮೇಲೆ ಮಾಡಿ ಊರ ಕಡೆಯ ಪಾವಟಿಗೆಗೆ ಬಂದು ತಟ್ಟಿದವು. ಚಳಿ ಇದ್ದಷ್ಟು ದಿನ ಅಷ್ಟಕ್ಕೇ ನಿಂತಿತು, ಜನ ಮೂಗು ಮುಚ್ಚಿಕೊಂಡು ನೀರು ತಂದರು. ಸಂಕ್ರಾಂತಿ ಕಳೆದು ಬಿಸಿಲು ಏರಿದ ಕೂಡಲೇ ನೀರಿನೊಳಗೆ ಹಸಿರು ಹುಟ್ಟಿತು. ಕೂದಲ ಪಾಚಿಯಲ್ಲ, ಮುತ್ಯಾ ಹೇಳಿದ್ದ ಹಿಟ್ಟಿನ ಹಸಿರು. ವಾರದಲ್ಲಿ ಮೇಲೆ ಕೆನೆಗಟ್ಟಿತು, ಗಿಳಿಹಸಿರು ಬಣ್ಣ ಬಳಿದಂತೆ. ಕೊಡ ಮುಳುಗಿಸಿದರೆ ಕೊಡದ ಹೊರಗೂ ಹಸಿರು ಹತ್ತುತ್ತಿತ್ತು. ಮುತ್ಯಾ ಮತ್ತು ಅವನ ಮಗ ದಿನಕ್ಕೆ ಎರಡು ಸಲ ಧೋತರ ಎಳೆದರು. ಬೆಳಿಗ್ಗೆ ಬಳಿದರೆ ಸಂಜೆಗೆ ಮತ್ತೆ ಅಷ್ಟೇ. ಶಿವರಾತ್ರಿಯ ಹೊತ್ತಿಗೆ ಊರಲ್ಲಿ ಎರಡು ಎಮ್ಮೆ, ಒಂದು ಹೋರಿ ಸತ್ತವು. ಹೋರಿ ಪೊಲೀಸ್ ಪಾಟೀಲರದು.

ಚಾವಡಿಯಲ್ಲಿ ಊರು ಕೂಡಿತು. ಪಾಟೀಲರು ನಡುವೆ ಕುಳಿತಿದ್ದರು, ನಾನು ಅವರ ಪಕ್ಕದಲ್ಲಿ. ಕೆಳಗೇರಿಯ ಜನ ಅಂಗಳದಲ್ಲಿ ನಿಂತಿದ್ದರು. ಯಾಕೆ ಹೀಗಾಯಿತು ಎಂದು ಪಾಟೀಲರು ಕೇಳಿದ್ದು ನನ್ನನ್ನೇ. ಓದಿದವನು ನೀನು, ಹೇಳು ಎಂದರು. ಅಪ್ಪ ಕಂಬಕ್ಕೆ ಒರಗಿ ನನ್ನನ್ನು ನೋಡುತ್ತಿದ್ದ. ಅವನಿಗೆ ಏನೂ ಗೊತ್ತಿರಲಿಲ್ಲ, ಮಗ ಮಾತನಾಡುತ್ತಾನೆ ಎಂಬ ಹಿಗ್ಗಷ್ಟೇ ಮುಖದಲ್ಲಿ.

ನಾನು ಮಾತನಾಡಿದೆ. ನೀರಿನಲ್ಲಿ ಜರಾಸೀಮ್ ಇರುತ್ತವೆ, ಕಣ್ಣಿಗೆ ಕಾಣದ ಹುಳುಗಳು, ಅವು ಹೊಲಸಿನಲ್ಲಿ ಹುಟ್ಟುತ್ತವೆ ಎಂದೆ. ಜರಾಸೀಮ್ ಎಂಬ ಆ ಉರ್ದು ಮಾತು ಶಾಲೆಯ ಪುಸ್ತಕದ್ದು. ಚಾವಡಿಯಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಅದರಿಂದಲೇ ಎಲ್ಲರೂ ಸುಮ್ಮನಾದರು. ಕೆಳಗೇರಿಯಲ್ಲಿ ಎರಡು ಮನೆಯವರು ತೊಗಲು ಹದ ಮಾಡುತ್ತಾರೆ, ಆ ತೊಗಲನ್ನು ತೂಬಿನ ಪಾವಟಿಗೆಯಲ್ಲಿ ತೊಳೆಯುತ್ತಾರೆ, ಹಸಿರು ಬಂದದ್ದು ಅದರಿಂದ ಎಂದೆ. ಅವರು ತೊಗಲು ತೊಳೆಯುತ್ತಿದ್ದದ್ದು ಏರಿಯ ಕೆಳಗಿನ ಕಾಲುವೆಯಲ್ಲಿ. ಕೆರೆಯಲ್ಲಿ ಒಂದು ದಿನವೂ ತೊಳೆದವರಲ್ಲ. ಅಲ್ಲಿದ್ದ ಅರ್ಧ ಜನಕ್ಕೆ ಅದು ಗೊತ್ತಿತ್ತು.

ಆಗ ಅಂಗಳದಿಂದ ಮುತ್ಯಾ ಮಾತನಾಡಿದ. ದನಿ ಏರಿಸಲಿಲ್ಲ.

"ಸಣ್ಣ ಧಣೇರ, ಒಂದು ಮಾತು ಕೇಳ್ತೀನ್ರಿ. ಈ ಸಲದ ಪುಂಡಿ ಎಲ್ಲಿ ನೆನಿ ಹಾಕಿದ್ರಿ?"

ಅವನಿಗೆ ಗೊತ್ತಿತ್ತು. ಕಪ್ಪು ನೀರು ಯಾವ ದಿಕ್ಕಿನಿಂದ ಬಂತೆಂದು ನೋಡಿದವನಿಗೆ ಗೊತ್ತಾಗದೆ ಇರುತ್ತದೆಯೇ. ಆದರೂ ಹೇಳಲಿಲ್ಲ, ಕೇಳಿದ. ನಾನೇ ಹೇಳಲಿ ಎಂದು ಜಾಗ ಬಿಟ್ಟುಕೊಟ್ಟ.

"ರಾಜೇಶ್ವರದ ಹಳ್ಳದಾಗ" ಎಂದೆ. "ನೀನೇ ಹೇಳಿದ್ದಿಯಲ್ಲ."

ಅವನು ನನ್ನನ್ನೇ ಒಂದು ಗಳಿಗೆ ನೋಡಿ, "ಹೌದ್ರಿ, ನಾನೇ ಹೇಳಿದ್ದೆ" ಎಂದ.

ಪಾಟೀಲರು ತೀರ್ಮಾನ ಹೇಳಿದರು. ತೂಬಿನ ಪಾವಟಿಗೆಗೆ ಜಾಲಿಯ ಮುಳ್ಳು ಬಡಿಯಬೇಕು, ಕೆಳಗೇರಿಯವರು ಇನ್ನು ಕೆರೆಗೆ ಇಳಿಯುವಂತಿಲ್ಲ, ನೀರಿಗೆ ರಾಜೇಶ್ವರದ ಹಳ್ಳಕ್ಕೆ ಹೋಗಬೇಕು. ಇದು ಊರ ಮಾತು, ಯಾವ ಕಾಗದದಲ್ಲೂ ಬರೆಯಲಿಲ್ಲ. ತೂಬಿನವನು ಕೆಲಸ ಸರಿಯಾಗಿ ಮಾಡಲಿಲ್ಲ, ತನ್ನವರನ್ನು ತಡೆಯಲಿಲ್ಲ, ಅವನನ್ನು ತೆಗೆದು ಬೇರೆಯವರನ್ನು ಇಡಬೇಕು ಎಂಬುದನ್ನು ಮಾತ್ರ ಕಲ್ಯಾಣದ ಕಚೇರಿಗೆ ಬರೆಯಬೇಕಾಗಿತ್ತು. ಅದನ್ನು ನಾನು ಬರೆದೆ. ಎಷ್ಟು ಚೆನ್ನಾಗಿ ಬರೆದೆನೆಂದರೆ, ತಿಂಗಳೊಳಗೆ ಒಬ್ಬ ಸಾಹೇಬರು ಬಂದು, ಹಸಿರು ನೀರು ನೋಡಿ, ನನ್ನ ಕಾಗದವನ್ನು ಇನ್ನೊಮ್ಮೆ ಓದಿ, ಹುಕುಂ ಕೊಟ್ಟು ಹೋದರು. ಅವರದೇನೂ ತಪ್ಪಿಲ್ಲ. ಮುತ್ಯಾನ ಕೆಲಸ ಹೋಯಿತು, ಏರಿಯ ಕೆಳಗಿನ ಹೊಲವೂ ಹೋಯಿತು. ಪಾಟೀಲರ ಕಡೆಯವನೊಬ್ಬ ತೂಬಿಗೆ ಬಂದ. ಅವನು ಒಂದು ದಿನವೂ ಧೋತರ ಹಿಡಿದು ನೀರಿಗಿಳಿಯಲಿಲ್ಲ.

ಕೆಳಗೇರಿಯ ಹೆಂಗಸರು ತಲೆಯ ಮೇಲೊಂದು, ಬಗಲಲ್ಲೊಂದು ಕೊಡ ಹೊತ್ತು ಒಂದು ಹರದಾರಿ ದೂರದ ಹಳ್ಳಕ್ಕೆ ನಡೆಯತೊಡಗಿದರು. ನಮ್ಮ ಹೊಲ ಆ ದಾರಿಯಲ್ಲೇ ಇತ್ತು. ದಿನವೂ ನೋಡುತ್ತಿದ್ದೆ. ಮುತ್ಯಾನ ಸೊಸೆ ಆಗ ಬಸುರಿ. ನಾನು ಬೇವಿನ ಮರದ ಕೆಳಗೆ ನಿಂತು ಬೇರೆ ಕಡೆ ನೋಡುವುದನ್ನು ಕಲಿತೆ. ಕಷ್ಟವೇನಲ್ಲ, ಒಂದು ವಾರದಲ್ಲಿ ರೂಢಿಯಾಗುತ್ತದೆ.

ಆ ಬೇಸಿಗೆ ಕೆರೆ ಹಿಂದೆಂದಿಗಿಂತ ಬೇಗ ಒಣಗಿತು. ಹೂಳು ಹೊರಲು ಗಾಡಿಗಳು ಇಳಿದವು. ಗೆರೆ ಎಳೆಯುವವನಿಲ್ಲದೆ ಜನ ಸಿಕ್ಕಸಿಕ್ಕಲ್ಲಿ ಅಗೆದರು, ಹಾಗೆ ಯಾರೋ ಹಿನ್ನೀರಿನ ಕಡೆಗೂ ಹೋದರು. ನಾನೂ ಅಪ್ಪನೂ ನಮ್ಮ ಗಾಡಿ ತುಂಬಿಸುತ್ತಿದ್ದೆವು. ಆ ಕಡೆ ನಾಲ್ಕಾರು ಜನ ಸುತ್ತುಗಟ್ಟಿ ನಿಂತದ್ದು ಕಂಡಿತು. ಅಪ್ಪ ಹೋದ. ನಾನೂ ಹೋಗಲೇಬೇಕಾಯಿತು.

ಬಿರುಕು ಬಿಟ್ಟ ಕೆಸರಿನಲ್ಲಿ ನಮ್ಮ ಕಣದ ಕಲ್ಲು ಮಲಗಿತ್ತು. ಅದರ ಮೈಮೇಲೆ ನಮ್ಮ ಅಜ್ಜ ಕೆತ್ತಿಸಿದ್ದ ತ್ರಿಶೂಲದ ಗುರುತು ಅರ್ಧ ಇತ್ತು. ಉಳಿದರ್ಧ ನಮ್ಮ ಕಣದಲ್ಲಿದ್ದ ಇನ್ನೊಂದು ಹೋಳಿನ ಮೇಲೆ. ಕಲ್ಲಿನ ಅಡಿಯಿಂದ ಪುಂಡಿಯ ಕಪ್ಪು ನಾರು ಜಡೆಯಂತೆ ಹೊರಗೆ ಚಾಚಿತ್ತು. ವಾಸನೆ ಇನ್ನೂ ಹೋಗಿರಲಿಲ್ಲ.

ಯಾರೂ ಏನೂ ಕೇಳಲಿಲ್ಲ. ಗಾಡಿಯ ಮೇಲೆ ಕುಳಿತಿದ್ದ ನೆರೆಹೊಲದವನೊಬ್ಬ ಮಾತ್ರ ಎತ್ತಿನ ಬೆನ್ನು ಸವರುತ್ತಾ, "ಸೆಕಿ ಭಾಳ ಆಗ್ಯಾದ ನೋಡ್ರಿ. ಕಣದಾಗಿನ ಕಲ್ಲು ಸುದ್ದಾ ಈಜಲಾಕ ಬಂದದ" ಎಂದ. ಎರಡು ಮೂರು ಜನ ನಕ್ಕರು. ಅಷ್ಟೇ. ಎಲ್ಲರೂ ತಮ್ಮ ತಮ್ಮ ಗಾಡಿಗೆ ಹೋದರು. ಊರಿಗೆ ನಿಜ ಗೊತ್ತಾಯಿತು, ಅದೇ ಸಂಜೆ ಮನೆಮನೆಗೂ ಗೊತ್ತಾಯಿತು. ಮುಳ್ಳು ಮಾತ್ರ ಪಾವಟಿಗೆಯ ಮೇಲೆ ಹಾಗೇ ಇತ್ತು. ನಿಜ ಹೊರಬಿದ್ದರೆ ಸಾಕು ಎಂದು ನಂಬುವವರಿಗೆ ನಾನು ಇದನ್ನೇ ಹೇಳುವುದು. ಹೊರಬಿದ್ದದ್ದು ಎಲ್ಲರ ಕಣ್ಣೆದುರೇ ಬಿಸಿಲಲ್ಲಿ ಬಿದ್ದಿತ್ತು.

ಅಪ್ಪ ಕಲ್ಲನ್ನು ಗಾಡಿಗೆ ಏರಿಸಲು ಹೇಳಿ, ಮೇಲೆ ಹೂಳು ತುಂಬಿಸಿ, ಬೇವಿನ ಮರದ ಹತ್ತಿರ ಒಯ್ದು ಹೂಳಿಸಿದ. ಹೊಡೆಯಲಿಲ್ಲ, ಬಯ್ಯಲಿಲ್ಲ. ಮನೆಗೆ ಬರುವಾಗ ಒಂದೇ ಮಾತು ಹೇಳಿದ: "ಆ ಮುದುಕ ಕೇಳಿದಾಗರೆ ಹೇಳಬೇಕಾಗಿತ್ತಪ್ಪ." ಅಂದಿನಿಂದ ಊರ ಮಂದಿಯ ಮುಂದೆ ನನ್ನ ಓದಿನ ಮಾತು ಎತ್ತಲಿಲ್ಲ.

ಎರಡು ದಿನ ಬಿಟ್ಟು ನಾನು ಕೆಳಗೇರಿಗೆ ಹೋದೆ. ಹುಟ್ಟಿದ ಊರಲ್ಲಿ ಆ ಓಣಿಗೆ ಕಾಲಿಟ್ಟದ್ದು ಅದೇ ಮೊದಲು. ಮುತ್ಯಾ ಬಾಗಿಲ ಮುಂದೆ ಹಗ್ಗ ಹೊಸೆಯುತ್ತಿದ್ದ. ಒಳಗಿಂದ ಸೊಸೆ ನನ್ನನ್ನು ನೋಡಿದಳು.

"ಮಾವ, ಅರ್ಜಿ ಬರದವ್ರು ಬಂದಾರ ನೋಡ್ರಿ. ಕುಂಡ್ರಲಾಕ ಏನು ಹಾಸಲಿ? ನಮ್ಮ ಕಂಬಳ್ಯಾಗ ಜರಾಸೀಮ್ ಇರತಾವ."

ಆ ಮಾತನ್ನು ಅವಳು ನನಗಿಂತ ಸ್ಪಷ್ಟವಾಗಿ ಉಚ್ಚರಿಸಿದಳು. ಮುದುಕ ಅವಳನ್ನು ತಡೆಯಲಿಲ್ಲ. ನಾನು ನೆಲದ ಮೇಲೆ ಕುಳಿತೆ. ಮುತ್ಯಾ ಎಂದು ಕರೆದು, ಎಲ್ಲವನ್ನೂ ಹೇಳಿ, ಇನ್ನೊಂದು ಅರ್ಜಿ ಬರೆಯುತ್ತೇನೆ, ಮೊದಲಿನದು ಸುಳ್ಳು ಎಂದು ನನ್ನ ಸಹಿ ಹಾಕಿಯೇ ಬರೆಯುತ್ತೇನೆ ಎಂದೆ. ಅವನು ಹೊಸೆಯುವುದನ್ನು ನಿಲ್ಲಿಸದೆ ಕೇಳಿಸಿಕೊಂಡ.

"ಬರೀರಿ" ಎಂದ. "ಕಾಗದ ಬರದ್ರ ಕಚೇರಿಗಿ ತಿಳೀತದ. ನನ್ನ ಕೆಲಸ ಬಂದ್ರೂ ಬರಬಹುದು. ಆದ್ರ ಪಾವಟಿಗಿ ಮುಚ್ಚಿದ್ದು ಕಚೇರಿ ಅಲ್ರಿ, ಚಾವಡಿ. ನೀವು ಅಲ್ಲಿ ಬಾಯಿಲೆ ಹೇಳಿದ್ರಿ. ಅಲ್ಲೇ ನಿಂತು ಬಾಯಿಲೆ ಹೇಳ್ರಿ. ಅದು ಒಂದು ಆದ್ರ ಸಾಕು. ಈ ಹುಡುಗಿ ಹಳ್ಳಕ್ಕ ಹೋಗೋದು ತಪ್ಪಲಿ."

ಹೇಳುತ್ತೇನೆ ಎಂದು ಮಾತು ಕೊಟ್ಟು ಬಂದೆ.

ಅರ್ಜಿ ಬರೆದೆ. ಅದರಲ್ಲಿ ಏನನ್ನೂ ಮುಚ್ಚಲಿಲ್ಲ. ಪುಂಡಿ, ಹಿನ್ನೀರು, ಕಲ್ಲು, ಚಾವಡಿಯ ಸುಳ್ಳು ಎಲ್ಲವನ್ನೂ ಬರೆದೆ. ಕಲ್ಯಾಣಕ್ಕೆ ನಾನೇ ಒಯ್ದು ಕೊಟ್ಟೆ. ಬರುವಾಗ ಅಲ್ಲಿಯ ದೊಡ್ಡ ಕೆರೆಯ ದಂಡೆಯಲ್ಲಿ ಕುಳಿತು ಬುತ್ತಿ ಬಿಚ್ಚಿದೆ. ಅದರ ಮೂಲೆಯಲ್ಲೂ ತುಸು ಹಸಿರು ಇತ್ತು. ಬುತ್ತಿಯನ್ನು ಮತ್ತೆ ಕಟ್ಟಿಕೊಂಡು ಎದ್ದೆ. ಮುಂದಿನ ವರ್ಷ ಮರುವಿಚಾರಣೆಯಾಗಿ ಮುತ್ಯಾನಿಗೆ ಕೆಲಸವೂ ಹೊಲವೂ ಮರಳಿ ಬಂದವು. ನನಗೆ ಛೀಮಾರಿ ಹಾಕಿ ಬಿಟ್ಟರು.

ಚಾವಡಿಗೆ ಮಾತ್ರ ಹೋಗಲಿಲ್ಲ. ಕಚೇರಿಯಲ್ಲಿ ಓದುವವರು ನನ್ನ ಮುಖ ಕಾಣದವರು. ಚಾವಡಿಯಲ್ಲಿ ನನ್ನ ಅಪ್ಪ ಒರಗುವ ಕಂಬ ಇತ್ತು. ಇವತ್ತು ಹೇಳೋಣ, ಹುಣ್ಣಿಮೆಗೆ ಹೇಳೋಣ, ಸುಗ್ಗಿ ಮುಗಿಯಲಿ ಎಂದುಕೊಳ್ಳುತ್ತಾ ಹುಮನಾಬಾದಿನಲ್ಲಿ ಒಂದು ಅಡತಿ ಅಂಗಡಿಯ ಗುಮಾಸ್ತಿಕೆ ಹಿಡಿದು ಊರು ಬಿಟ್ಟೆ. ಬಿಟ್ಟ ಕಾರಣ ಅದೇ. ಬೇರೆ ಕಾರಣಗಳನ್ನು ಮನೆಯಲ್ಲಿ ಹೇಳಿದ್ದೆ.

ಹಾಗಾಗಿ ಏನಾಯಿತೆಂದರೆ, ಮುತ್ಯಾ ಮತ್ತೆ ತೂಬು ಕಾದ. ಕೆಲಸಕ್ಕೆ ಮಾತ್ರ ಊರು ಅವನನ್ನು ಇಳಿಯಗೊಟ್ಟಿತು, ಬೆಳಿಗ್ಗೆ ನೀರಿಗಿಳಿದು ಊರಿಗಾಗಿ ಪಾಚಿ ಬಳಿದ. ಎರಡು ಮಳೆಗಾಲ ಚೆನ್ನಾಗಿ ಸುರಿದು, ಹೂಳು ಗೆರೆಯ ಪ್ರಕಾರ ಹೋಗಿ, ನೀರು ಬಹುಮಟ್ಟಿಗೆ ತಿಳಿಯಾಯಿತು. ಆ ತಿಳಿನೀರನ್ನು ಅವನು ಕುಡಿಯುವಂತಿರಲಿಲ್ಲ. ಅವನ ಕೈಯಿಂದ ತೊಳೆದ ಕೆರೆಯ ಪಕ್ಕದಲ್ಲೇ ಅವನ ಸೊಸೆ ಕೊಡ ಹೊತ್ತು ಹಳ್ಳಕ್ಕೆ ನಡೆಯುತ್ತಿದ್ದಳು, ಮಗುವನ್ನು ಬೆನ್ನಿಗೆ ಕಟ್ಟಿಕೊಂಡು. ಊರಿಗೆ ಹೋದಾಗೊಮ್ಮೆ ಏರಿಯ ಮೇಲೆ ಅವನು ಎದುರಾದ. "ಬಂದ್ರೇನ್ರಿ, ಸಣ್ಣ ಧಣೇರ" ಎಂದಷ್ಟೇ ಕೇಳಿದ. ಚಾವಡಿಯ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಆ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಆ ದಿನ ಅವನಿಂದ ಬೇಗ ದಾಟಿಹೋಗಬೇಕು ಎಂಬುದೊಂದೇ ನನಗಿತ್ತು.

ಅದಾಗಿ ಎರಡನೆಯ ಚಳಿಗಾಲದಲ್ಲಿ ಅವನು ತೀರಿಕೊಂಡ ಸುದ್ದಿ ಹುಮನಾಬಾದಿಗೆ ಬಂತು.

ಮುಂದೆ ನಿಜಾಮನ ಆಳಿಕೆ ಮುಗಿಯಿತು. ಪಾಟೀಲರ ಮಾತಿಗೆ ಮೊದಲಿನ ತೂಕ ಉಳಿಯಲಿಲ್ಲ. ಎಲ್ಲರಿಗೂ ಒಂದೇ ಕೆರೆ, ಒಂದೇ ಬಾವಿ ಎಂದು ಭಾಷಣ ಮಾಡುವವರು ಊರೂರಿಗೆ ಬರತೊಡಗಿದರು. ಅಂಥ ಒಂದು ಬೇಸಿಗೆಯಲ್ಲಿ ನಾನು ಊರಿಗೆ ಹೋಗಿ, ಚಾವಡಿಯಲ್ಲಿ ಜನ ಕೂಡಿದ್ದಾಗ ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಧ್ವನಿ ನಡುಗಲಿಲ್ಲ. ನಡುಗುವಂಥದ್ದು ಏನೂ ಉಳಿದಿರಲಿಲ್ಲ. ಅಪ್ಪ ತೀರಿಕೊಂಡಿದ್ದ, ಪಾಟೀಲರು ಕಣ್ಣು ಕಾಣದೆ ಮನೆಯಲ್ಲಿದ್ದರು. ನನಗೆ ನಷ್ಟವಾಗುವ ಕಾಲ ಮುಗಿದ ಮೇಲೆ ನಾನು ನಿಜ ಹೇಳಿದೆ. ಜನ ಬಯ್ಯಲಿಲ್ಲ, ದೊಡ್ಡ ಮನಸ್ಸಿನವನು ಎಂದು ಹೊಗಳಿದರು. ಆ ಹೊಗಳಿಕೆಯನ್ನು ಆ ಹೊತ್ತು ಬಾಯಿ ಮುಚ್ಚಿಕೊಂಡು ಒಪ್ಪಿಕೊಂಡೆ. ಇದನ್ನೂ ನನ್ನ ತಪ್ಪಿನ ಪಟ್ಟಿಯಲ್ಲೇ ಸೇರಿಸಬೇಕು.

ಮರುದಿನ ಬೆಳಿಗ್ಗೆ ನಾವು ನಾಲ್ಕು ಜನ ಕೊಡಲಿ ಹಿಡಿದು ತೂಬಿನ ಪಾವಟಿಗೆಗೆ ಹೋದೆವು. ಮುಳ್ಳು ಒಣಗಿ, ಅದರ ಮೇಲೆ ಬಳ್ಳಿ ಹಬ್ಬಿ, ಗೋಡೆಯಂತಾಗಿತ್ತು. ಕಡಿದು ಎಳೆದು ಹಾಕುವಷ್ಟರಲ್ಲಿ ಬಿಸಿಲು ಏರಿತು. ನಾನು ಇಳಿದು ಕೊನೆಯ ಕಲ್ಲಿನ ಮೇಲೆ ನಿಂತು ಕೈ ತೊಳೆಯುತ್ತಿದ್ದೆ. ಆ ವರ್ಷ ಮಳೆ ತಡವಾಗಿ ನೀರು ತೆಳುವಾಗಿತ್ತು, ಮೇಲೆ ಹಸಿರು ಕೆನೆ ಮತ್ತೆ ಸ್ವಲ್ಪ ಕಟ್ಟಿತ್ತು. ಜನ ಏರಿಯ ಮೇಲೆ ನಿಂತಿದ್ದರು. ಯಾರೋ ನನ್ನನ್ನು ಎರಡು ಮಾತು ಆಡಲು ಕೇಳಿದರು. ನಾನು ಮುತ್ಯಾನ ಹೆಸರು ತೆಗೆದು ಏನೋ ಹೇಳಲು ಶುರು ಮಾಡಿದ್ದೆ.

ಮುತ್ಯಾನ ಸೊಸೆ ಖಾಲಿ ಕೊಡ ಹಿಡಿದು ಮೇಲಿನಿಂದ ಇಳಿದು ಬಂದಳು. ನನ್ನ ಹಿಂದಿನ ಕಲ್ಲಿಗೆ ಬಂದು ನಿಂತಳು. ನನ್ನ ಮಾತು ಮುಗಿಯಲೆಂದು ಕಾಯಲಿಲ್ಲ.

"ದಾರಿ ಬಿಡ್ರಿ" ಎಂದಳು.

ನಾನು ಪಕ್ಕಕ್ಕೆ ಸರಿದು ಕೆಸರಿನಲ್ಲಿ ಕಾಲಿಟ್ಟೆ. ಅವಳು ಬಗ್ಗಿ, ಸೀರೆಯ ಸೆರಗನ್ನು ನೀರಿನ ಮೇಲೆ ಹಾಸಿ, ಮಾವನಂತೆಯೇ ಒಂದೇ ಎಳೆತಕ್ಕೆ ಹಸಿರನ್ನು ದಂಡೆಗೆ ಬಳಿದು ತಂದಳು. ಬಳಿದ ಜಾಗದಲ್ಲಿ ನೀರು ಕಂಡಿತು. ಅಲ್ಲಿ ಕೊಡ ಮುಳುಗಿಸಿ, ತುಂಬಿಕೊಂಡು, ತಲೆಯ ಮೇಲಿಟ್ಟುಕೊಂಡು ಮೇಲೆ ಹೋದಳು.